ಮಳೆ ಲೆಕ್ಕ ತುಂಬಿದ ಸರ್ವರ್

ಮೊನ್ನೆ ನಮ್ಮ ಆಫೀಸಿನ ಮೇಲ್ ಸರ್ವರ್ ಮಳೆಯಿಂದಾಗಿ ನಿಂತುಹೋಯಿತು. ಮಾಡು ಸೋರಲಿಲ್ಲ, ಸಿಡಿಲು ಹೊಡೆಯಲಿಲ್ಲ. ಕರೆಂಟೂ ಇತ್ತು (ಜುಲೈ ತಿಂಗಳ ಕೊಡಗಿನಲ್ಲಿ! ನಂಬುವವರು ನಂಬಿ). ಅದನ್ನು ನಿಲ್ಲಿಸಿದ್ದು ನಾವು ಬರೆದ ಮಳೆಯ ಲೆಕ್ಕ.

ಕುಶಾಲನಗರದಲ್ಲಿ ನಮ್ಮದೊಂದು ಸಣ್ಣ ಬೆಳೆಗಾರರ ಕಂಪೆನಿ. ಸದಸ್ಯರ (ನನ್ನದೂ ಸೇರಿ) ಕಾಫಿ, ಮೆಣಸು ಒಟ್ಟುಮಾಡಿ ಮಾರುತ್ತೇವೆ. ಅದು ಉಪಕಸುಬು. ಮುಖ್ಯ ಕಸುಬು ಮಳೆ ವರದಿ. ಕೊಡ್ಲಿಪೇಟೆಯಿಂದ ಶ್ರೀಮಂಗಲದವರೆಗೆ ಎಲ್ಲ ತೋಟಗಳಿಂದ ದಿನಾ ಬೆಳಿಗ್ಗೆ ಮೇಲ್ ಬರುತ್ತದೆ. ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು), ಜೊತೆಗೆ ಮಳೆಮಾಪಕದ ಫೋಟೊ, ಎಲ್ಲರಿಗೂ ಸಿಸಿ. ‘ನಮ್ಮಲ್ಲಿ ಇನ್ನೂ ಜಾಸ್ತಿ’ ಅಂತ ಉಳಿದವರ ರಿಪ್ಲೈ ಆಲ್. ತನ್ನ ಬಿಪಿ ಎಷ್ಟೆಂದು ಗೊತ್ತಿಲ್ಲದವನಿಗೂ ಹೋದ ವರ್ಷದ ಮಳೆ ಸೆಂಟ್ ಸಮೇತ ಬಾಯಿಪಾಠ.

ಈ ಮೇಲ್‌ಗಳನ್ನೆಲ್ಲ ಹೊಸ ಸರ್ವರ್‌ಗೆ ಸಾಗಿಸುವ ಕೆಲಸ ನಮ್ಮ ಸಿಸ್ಟಮ್ ಅಡ್ಮಿನ್ ಸವಿತಾಳದು. ಒಂದೊಂದು ಮೇಲ್ ಬಂದಾಗಲೂ ಹೊಸ ಸರ್ವರ್ ಅದರ ವಿವರವನ್ನು ಲಾಗ್ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದಂತೆ. ಬ್ಯಾಕಪ್ ಆದ ಮೇಲೆ ಹಳೆಯ ಲಾಗ್ ತಾನಾಗಿಯೇ ಖಾಲಿಯಾಗುತ್ತದಂತೆ. ಆದರೆ ಬ್ಯಾಕಪ್ ನಡೆಯುವಾಗ ಮೇಲ್ ತೆರೆಯುವುದು ನಿಧಾನವೆಂದು ಮ್ಯಾನೇಜರ್ ಚೆಂಗಪ್ಪನವರು ಅದನ್ನೇ ನಿಲ್ಲಿಸಿಬಿಟ್ಟರು. ಸವಿತಾ ಬೇಡವೆಂದಳು. ಯಾರು ಕೇಳುತ್ತಾರೆ?

ಲಾಗ್ ಬೆಳೆಯಿತು. ಡಿಸ್ಕ್ ತುಂಬುತ್ತಿದೆ ಎಂದು ಸರ್ವರ್ ತಾನೇ ಎಲ್ಲರಿಗೂ ಎಚ್ಚರಿಕೆಯ ಮೇಲ್ ಹಾಕಿತು. ನಾವು ಸಭ್ಯರು ನೋಡಿ, ಒಬ್ಬೊಬ್ಬರೂ ‘ನೋಟೆಡ್’ ಎಂದು ರಿಪ್ಲೈ ಆಲ್ ಮಾಡಿದೆವು (ನಾನೂ). ಉಳಿದಿದ್ದ ಜಾಗವೂ ಭರ್ತಿಯಾಗಿ ಸರ್ವರ್ ಕೈಚೆಲ್ಲಿತು.

ಆಗಿದ್ದೂ ಯಾವತ್ತು? ನಮ್ಮ ಮೆಣಸಿನ ಲಾಟ್‌ಗೆ ತಾವು ಹೇಳಿದ ದರಕ್ಕೆ ಸಂಜೆ ಐದರೊಳಗೆ ಒಪ್ಪಿಗೆ ಕೊಡಿ ಎಂದು ಕೊಚ್ಚಿಯ ಖರೀದಿದಾರರು ಕೇಳಿದ್ದ ದಿನ. ಫೋನ್ ಮಾಡಿದರೆ, ಕಂಪೆನಿಯ ಮೇಲ್‌ನಿಂದಲೇ ಬರಬೇಕು ಎಂದರು. ಆ ಲಾಟ್‌ನಲ್ಲಿ ನನ್ನ ಇಡೀ ವರ್ಷದ ಮೆಣಸಿತ್ತು.

ಲಾಗ್ ಪೂರ್ತಿ ಡಿಲೀಟ್ ಮಾಡು ಎಂದರು ಚೆಂಗಪ್ಪನವರು. ಸವಿತಾ ಅಡ್ಡಡ್ಡ ತಲೆಯಾಡಿಸಿದಳು.

‘ಅದನ್ನ ಕೈಯಾರೆ ಅಳಿಸಂಗಿಲ್ಲ ಸಾರ್, ಈಗ ಬಂದಿರೋ ಮೇಲ್‌ಗಳೆಲ್ಲ ಹೋಗ್ಬಿಟ್ಟಾವು. ನಿಮ್ಮ ಮಳೆ ಫೋಟೊ ಫೋಲ್ಡರ್ ಅದೇ ಡಿಸ್ಕಲ್ಲಿ ಕೂತದೆ. ಅದನ್ನ ಬೇರೆ ಡಿಸ್ಕಿಗೆ ಹಾಕ್ತೀನಿ, ಅರ್ಧ ಗಂಟೆ ಸಾಕು.’

ಹೊಸ ಸರ್ವರ್‌ಗೆ ಮೇಲ್‌ಗಳು ಬರುವ ಮೊದಲೇ ಆ ಫೋಲ್ಡರನ್ನು ಅಲ್ಲಿ ಕೂರಿಸಿದವರು ಚೆಂಗಪ್ಪನವರೇ. ಅವರ ಮುಖ ಸಪ್ಪಗಾಯಿತು.

‘ಎಂತ ಮಾರಾಯ್ತಿ, ಅಷ್ಟು ವರ್ಷದ ಮಳೆ ಅದು. ಎಲ್ಲರನ್ನೂ ಕೇಳದೆ ಮುಟ್ಲಿಕ್ಕೆ ಆಗುದಿಲ್ಲ. ಒಂದು ಮೇಲ್ ಹಾಕು.’

ಯಾವ ಸರ್ವರ್‌ನಿಂದ ಸ್ವಾಮಿ?

ಕೊನೆಗೆ ಅವರೇ ಫೋನ್ ಹಿಡಿದು ಕೂತರು. ನಮ್ಮಲ್ಲಿ ಫೋನ್ ಎತ್ತಿದವರು ಹಲೋ ಆದ ಕೂಡಲೇ ಕೇಳುವುದು ಏನು? ನಿಮ್ಮಲ್ಲಿ ಎಷ್ಟು ಸೆಂಟ್ ಅಂತ. ಶ್ರೀಮಂಗಲದವರು ಅಜ್ಜನ ಕಾಲದ ಮಳೆಗೆ ಹೋದರು. ಇನ್ನೊಬ್ಬರು ಹಾರಂಗಿ ಅಣೆಕಟ್ಟು ಈ ಸಲ ಬೇಗ ತುಂಬಿತು ಎಂದು ಸಂಭ್ರಮಿಸಿದರು. ನಾನು ಗೋಡೆ ಗಡಿಯಾರ ನೋಡುತ್ತ ಕುದಿಯುತ್ತಿದ್ದೆ. ಎಲ್ಲರೂ ಒಪ್ಪಿದರು, ನಿಜ. ಒಪ್ಪುವಷ್ಟರಲ್ಲಿ ಐದು ದಾಟಿತ್ತು.

ಫೋಲ್ಡರ್ ಜಾಗ ಬಿಟ್ಟಿತು, ಸರ್ವರ್ ಎದ್ದಿತು. ಖರೀದಿದಾರರ ಮೇಲ್ ಕಾದು ಕುಳಿತಿತ್ತು: ‘ನಿಮ್ಮಿಂದ ಉತ್ತರ ಬಾರದ ಕಾರಣ ಬೇರೆಯವರಿಂದ ಕೊಂಡಿದ್ದೇವೆ.’

ಚೆಂಗಪ್ಪನವರು ಕನ್ನಡಕ ಏರಿಸಿ, ಅದನ್ನು ಎರಡು ಸಲ ಓದಿ, ಎಲ್ಲರಿಗೂ ಸಿಸಿ ಹಾಕಿ ಉತ್ತರ ಬರೆದರು: ‘ನೋಟೆಡ್. ಇಲ್ಲಿ ಒಳ್ಳೆಯ ಮಳೆ.’