ಮಗಳ ಹಾಲು ಬಿಡಿಸಲು ಹೋದದ್ದು

ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಜೇವರ್ಗಿಯಿಂದ ಹೊರಟೆವು. ನಾನು, ಹದಿಮೂರು ತಿಂಗಳ ಮಗಳು ಸುಜಾತಾ, ಎರಡು ಬಟ್ಟೆಯ ಚೀಲ. ವಾಪಸು ಬರುವಾಗ ನಾನೊಬ್ಬಳೇ ಬರಬೇಕಿತ್ತು. ಆಳಂದದ ಆಚೆ, ಜಿಡಗಾದ ಸಮೀಪದ ಹಳ್ಳಿಯಲ್ಲಿರುವ ಅತ್ತೆಯ ಹತ್ತಿರ ಮಗಳನ್ನು ಎಂಟು ದಿನ ಬಿಟ್ಟು ಬರುವುದೆಂದು ತೀರ್ಮಾನವಾಗಿತ್ತು. ನಮ್ಮಲ್ಲಿ ಮೊಲೆ ಬಿಡಿಸುವ ಕ್ರಮವೇ ಇದು. ತಾಯಿ ಕಣ್ಣಿಗೆ ಬೀಳದಿದ್ದರೆ ಕೂಸು ನಾಲ್ಕು ದಿನ ಅತ್ತು ಮರೆಯುತ್ತದೆ ಎನ್ನುತ್ತಾರೆ.

ತೀರ್ಮಾನ ಅತ್ತೆಯದು. ಕೂಸು ಹಾಲು ಕುಡಿಯುವವರೆಗೆ ಇನ್ನೊಂದು ಬಸಿರು ನಿಲ್ಲುವುದಿಲ್ಲ, ಮೊದಲನೆಯದಂತೂ ಹೆಣ್ಣು, ಇನ್ನು ತಡ ಮಾಡಬಾರದು ಎಂದು ಅವರ ವಾದ. ಅದಕ್ಕೆ ತಲೆಯಾಡಿಸಿದವರು ನನ್ನ ಗಂಡ. “ಅವ್ವ ಹೇಳ್ಯಾಳ, ಒಮ್ಮೆ ಬಿಟ್ಟು ಬಾ,” ಎಂದು ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಆಫೀಸಿಗೆ ನಡೆದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಮಕ್ಕಳ ಮುಂದೆ ಗಂಟೆಗಟ್ಟಲೆ ಮಾತಾಡುವ ನನ್ನ ಬಾಯಿ ಮನೆಯಲ್ಲಿ ಬಿದ್ದುಹೋಗಿತ್ತು.

ಕಲಬುರಗಿ ಮೇಲೆ ಹೋಗಿದ್ದರೆ ಬೇಗ ಮುಟ್ಟಬಹುದಿತ್ತು. ನಾನು ಬೇಕೆಂದೇ ಅಫಜಲಪುರದ ಸುತ್ತು ದಾರಿ ಹಿಡಿದೆ. ಮಗಳು ಇನ್ನೆರಡು ತಾಸು ತೊಡೆಯ ಮೇಲಿರಲಿ ಎನ್ನುವುದು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಆಗಿರುವುದರಿಂದ ಯಾಕೆ ಸುತ್ತಿ ಹೊರಟಿದ್ದೀ ಎಂದು ಕೇಳುವವರೂ ಇರಲಿಲ್ಲ. ರಸ್ತೆ ಅಲ್ಲಲ್ಲಿ ಕಿತ್ತಿತ್ತು. ಹೊಲಗಳಲ್ಲಿ ಬಿಳಿಜೋಳ ಕಿತ್ತು ಸಾಲಾಗಿ ಮಲಗಿಸಿದ್ದರು. ಭೀಮಾ ದಾಟುವಾಗ ಮಗಳು ನೀರು ನೋಡಿ ಕೈ ಬಡಿದಳು. ಆಮೇಲೆ ಕುಡಿಯುತ್ತ ನಿದ್ದೆ ಹೋದಳು.

ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹತ್ತು ದಾಟಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಮೂವತ್ತು ರೂಪಾಯಿಗೆ ಒಂದು ಪ್ಲೇಟು ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ತಿಂದೆ. ಪಕ್ಕದ ಗೋಡೆಯ ಮರೆಯಲ್ಲಿ ಒಬ್ಬ ಹೆಣ್ಣುಮಗಳು ಬೆನ್ನು ತಿರುಗಿಸಿ ಕೂತು ಎದೆಹಾಲನ್ನು ಮಣ್ಣಿಗೆ ಹಿಂಡಿ ಚೆಲ್ಲುತ್ತಿದ್ದಳು. ಅವಳ ಮಗ್ಗುಲಲ್ಲಿ ಐದಾರು ತಿಂಗಳ ಕೂಸು ಕಿರುಚಿ ಅಳುತ್ತಿತ್ತು.

“ಯಾಕ್ರಿ ಚೆಲ್ಲಾಕತ್ತೀರಿ?” ಎಂದೆ.

“ನಸಕಿನಾಗ ಎದ್ದು ಜೋಳ ಕಿತ್ತು ಬಂದೇನ್ರಿ. ಬಿಸಲಿಗೆ ಹಾಲು ಕಾದಾವ. ಕಾದ ಹಾಲು ಕುಡದ್ರ ಕೂಸಿಗೆ ಹೊಟ್ಟಿ ಹರಿತದ.”

ನನ್ನೊಳಗಿನ ಟೀಚರ್ ಎದ್ದು ನಿಂತಳು. “ಮೈಯಾಗಿನ ಹಾಲು ಬಿಸಲಿಗೆ ಕೆಡಂಗಿಲ್ರಿ. ಮೊದಲ ನೀವು ನೀರು ಕುಡೀರಿ, ಆಮ್ಯಾಲ ಕೂಸಿಗೆ ಹಚ್ಕೋರಿ. ನಾ ಇದನ್ನ ಸಾಲ್ಯಾಗ ಕಲಸಾಕಿ,” ಎಂದು ನನ್ನ ಬಾಟಲಿ ಕೊಟ್ಟೆ. ಅವಳು ಅನುಮಾನದಿಂದಲೇ ಕೂಸನ್ನು ಎತ್ತಿಕೊಂಡಳು. ಅಳು ತಟ್ಟನೆ ನಿಂತಿತು. ನನಗೆ ಭಾರಿ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ನನ್ನ ಪ್ರಯಾಣದ ಕಾರಣವನ್ನೂ ಹೇಳಿಬಿಟ್ಟೆ.

“ಬಿಡಸಾಕ ಒಯ್ಯಾಕತ್ತೀರಿ? ಹಾಲು ಬತ್ಯಾವೇನ್ರಿ?”

“ಇಲ್ರಿ.”

“ಕೂಸಿಗೆ ಆರಾಮಿಲ್ಲೇನ್ರಿ?”

“ಆರಾಮ ಅದಾಳ.”

“ಮತ್ಯಾಕ್ರಿ? ನಾನರೆ ತಿಳೀಲಾರದಕ ಚೆಲ್ಲಿದೆ, ನೀವು ಸಾಲ್ಯಾಗ ಕಲಸೋರು.”

ಅವಳು ಅಣಕಿಸಲು ಹೇಳಿದ್ದಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ್ದಳು. ಆಳಂದದ ಬಸ್ಸು ಬಂತು, ಹತ್ತಿದೆ. ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಆಳಂದದಲ್ಲಿ ಇಳಿದು, ಇಪ್ಪತ್ತು ರೂಪಾಯಿ ಕೊಟ್ಟು ಟಂಟಂ ಆಟೊ ಹತ್ತಿ ಊರು ಮುಟ್ಟುವ ಹೊತ್ತಿಗೆ ಆ ಸಿಟ್ಟು ನನ್ನನ್ನು ಬಿಟ್ಟು ಅತ್ತೆಯ ತೀರ್ಮಾನದ ಕಡೆ ತಿರುಗಿತ್ತು.

ಅತ್ತೆ ಬಿಸಿರೊಟ್ಟಿ, ಪುಂಡಿಪಲ್ಯ ಬಡಿಸಿದರು. ನಾನು ಉಣ್ಣುವಾಗಲೇ ಮಗಳ ಚೀಲವನ್ನು ಒಳಕೋಣೆಗೆ ಒಯ್ದರು. ಕೈ ತೊಳೆದು ಬಂದವಳು ಚೀಲವನ್ನು ಪಡಸಾಲೆಗೆ ತಂದಿಟ್ಟೆ.

“ಯಾಕಬೇ?” ಎಂದರು.

“ಅತ್ತ್ಯಾರೆ, ನಿಮ್ಮ ಮಗ ಎಷ್ಟು ವರ್ಷ ಕುಡದಾರ?”

ಅವರ ಮುಖ ಅರಳಿತು. “ಮೂರು ವರ್ಷ! ಅಂಗನವಾಡಿಯಿಂದ ಓಡಿ ಬಂದು ಸೆರಗು ಜಗ್ಗತಿದ್ದ.”

“ಅಕ್ಕಾರು?” ಎಂದೆ. ಕೇಳಿದ್ದು ಗಂಡನ ಅಕ್ಕನ ಬಗ್ಗೆ.

ಅತ್ತೆ ನಾನು ಉಂಡ ತಾಟು ಎತ್ತಿಕೊಂಡರು. “ಆರು ತಿಂಗಳ. ನಮ್ಮತ್ತಿ ಎದಿಗೆ ಬೇವು ಅರದು ಹಚ್ಚಿಸಿದ್ಳು. ಗಂಡು ಬೇಕಂತ.”

“ನಿಮಗ ಬಿಡಸಬೇಕಂತ ಇತ್ತೇನ್ರಿ?”

“ನನ್ನ ಯಾರು ಕೇಳ್ಯಾರ?”

“ನನ್ನೂ ಯಾರೂ ಕೇಳಿಲ್ರಿ. ಅದಕ್ಕ ನಾನೇ ಹೇಳಾಕತ್ತೇನಿ. ಈಕಿನ ಬಿಡಸಂಗಿಲ್ಲ.”

“ಗಂಡು ಬ್ಯಾಡೇನು ನಿನಗ?”

“ಬಂದ್ರ ಬರಲಿ. ಈಕಿ ಪಾಲಿಂದು ಕಸ್ಕೊಂಡು ಬರೋದು ಬ್ಯಾಡ.”

ಹೊರಗೆ ಕಟ್ಟೆಯ ಮೇಲೆ ಕೂತು, ಹೋಗಿಬರುವವರು ನೋಡುತ್ತಿರುವಂತೆಯೇ ಮಗಳಿಗೆ ಹಾಲು ಕುಡಿಸಿದೆ. ಅಂದು ರಾತ್ರಿ ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಟಂಟಂ ಹತ್ತುವಾಗ ಹಿಂತಿರುಗಿ ನೋಡಿದೆ. ಬಾಗಿಲಲ್ಲಿ ನಿಂತಿದ್ದರು. ಮುಖ ಬಿಗಿದೇ ಇತ್ತು, ಹೋಗಿ ಬಾ ಎನ್ನಲಿಲ್ಲ. ಆದರೆ ಮಗಳನ್ನು ಕರೆದೊಯ್ಯುವುದನ್ನು ತಡೆಯಲೂ ಇಲ್ಲ.

ಈ ಸಲ ಕಲಬುರಗಿ ದಾರಿಯನ್ನೇ ಹಿಡಿದೆ. ಆಳಂದ ಬಿಟ್ಟು ಅರ್ಧ ತಾಸಾಗಿರಬೇಕು, ಗಂಡನ ಫೋನು ಬಂತು.

“ಕೂಸು ಭಾಳ ಅಳಾಕತ್ತದೇನು ಅಲ್ಲಿ?”

“ಅಲ್ಲಿಲ್ರಿ. ನನ್ನ ತೊಡಿ ಮ್ಯಾಲೆ ಕುಡ್ಯಾಕತ್ಯಾಳ.”

ಆ ಕಡೆ ಉಸಿರೆಳೆದ ಸದ್ದು. “ಅವ್ವಗ ಏನಂತ ಹೇಳ್ಲಿ?”

“ನನ್ನ ಮಾತು ನಾ ಹೇಳಿ ಬಂದೇನಿ. ಮೂರು ವರ್ಷ ಕುಡದವರು ನೀವು. ನಿಮ್ಮ ಮಾತು ನೀವ ಹೇಳ್ರಿ.”

ಮುಂದಿನ ಸೀಟಿನ ಇಬ್ಬರು ಹೆಂಗಸರು ತಿರುಗಿ ನೋಡಿ ಕಿಸಕ್ಕೆಂದು ನಕ್ಕರು. “ಕುಡೀಲಿ ಕೂಸು. ಈಗ ಹಚ್ಚತೇನಿ ಅವ್ವಗ ಫೋನು,” ಎಂದರು ಗಂಡ.

“ಹಚ್ರಿ,” ಎಂದು ನಾನು ಮಗಳನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡೆ.