ಕತ್ತಿನೊಳಗಿನ ಗಾಬರಿ

ನಾನು ಮೊದಲಿನಿಂದಲೂ ಪುಕ್ಕಲ. ಹಾಗಾಗಿ ರಾಜಾಜಿನಗರದ ಹೊಸ ಮನೆಗೆ ಬಂದ ವರ್ಷ ಎದೆ ಹಗಲೂ ರಾತ್ರಿ ಡವಡವ ಎನ್ನತೊಡಗಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ನಾನು ಪಾಠ ಹೇಳುವ ಸ್ಕೂಲಿಗೆ ಇನ್‌ಸ್ಪೆಕ್ಟರು ಬರುವವರಿದ್ದರು. ಮನೆಯ ಹಿಂದಿನ ಬಯಲಿನಲ್ಲಿ ನರಿ ಕೂಗುತ್ತಿತ್ತು. ಎಲ್ಲಕ್ಕೂ ಸೇರಿಸಿಯೇ ಹೆದರುತ್ತಿದ್ದೇನೆ ಎಂದುಕೊಂಡೆ. ಬೋರ್ಡಿನ ಮೇಲೆ ನನ್ನ ಅಕ್ಷರಗಳು ನಡುಗುತ್ತಿದ್ದವು, ಮಕ್ಕಳು ನಗುತ್ತಿದ್ದರು.

ಹೆಂಡತಿ ಕಮಲ ಮಾತ್ರ ಒಪ್ಪಲಿಲ್ಲ. "ಹೆದರಿದೋರಿಗೆ ಊಟ ಸೇರಲ್ಲ. ನೀವು ಮುದ್ದೆ ಮೇಲೆ ಮುದ್ದೆ ಉಂಡೂ ಇಳಿದು ಹೋಗ್ತಾ ಇದೀರಲ್ರೀ!" ಎಂದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ನನ್ನ ಕೈ ಚಾಚಿಸಿ ಬೆರಳುಗಳ ಮೇಲೊಂದು ಕಾಗದ ಇಟ್ಟರು. ಅದು ಪಟಪಟ ಅದುರಿತು. ಕತ್ತು ಮುಟ್ಟಿ ನೋಡಿ, "ಇಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ ಮೇಷ್ಟ್ರೇ. ಮೈಯಲ್ಲಿ ಉರಿ ಎಷ್ಟಿರಬೇಕು ಅಂತ ಅದರ ರಸ ರಕ್ತದಲ್ಲಿ ಹೋಗಿ ಹೇಳುತ್ತೆ. ನಿಮ್ಮದು ಜಾಸ್ತಿ ಸುರಿಸ್ತಾ ಇದೆ. ಅದಕ್ಕೇ ಎದೆ ಓಡ್ತಿರೋದು, ಉಂಡದ್ದೆಲ್ಲ ಕರಗ್ತಿರೋದು" ಎಂದರು. ಮಾತ್ರೆ ಬರೆದುಕೊಟ್ಟು, ಬಗ್ಗದಿದ್ದರೆ ಆಪರೇಷನ್ ಎಂದೂ ಸೇರಿಸಿದರು. ಪುಕ್ಕಲನಿಗೆ ಕತ್ತು ಕೊಯ್ಯುವ ಮಾತು!

ಆ ಭಯದ ಜೊತೆಗೆ ಇನ್ನೊಂದು ಯೋಚನೆ ಹತ್ತಿಕೊಂಡಿತು. ನನ್ನ ಸ್ವಭಾವ ಎಂದುಕೊಂಡಿದ್ದೆಲ್ಲ ಒಂದಿಷ್ಟು ರಸದ ಕೆಲಸವೇ? ಹಾಗಾದರೆ ಕಮಲಳನ್ನು ನೋಡಲು ಹೋದ ದಿನ ಎದೆ ಹೊಡೆದುಕೊಂಡಿತಲ್ಲ, ಅದು ಯಾವ ಗ್ರಂಥಿ? ಅವಳನ್ನೇ ಕೇಳಿದೆ. "ಅದು ಉಪ್ಪಿಟ್ಟಿನ ಆಸೆ" ಎಂದಳು.

ಕೆಲವು ತಿಂಗಳು ಮಾತ್ರೆ ನುಂಗಿದೆ. ಎದೆ ಹದಕ್ಕೆ ಬಂತು, ಕತ್ತು ಉಳಿಯಿತು. ಅಷ್ಟರಲ್ಲಿ ಒಂದು ಸಂಜೆ ನಮ್ಮ ಮಗಳು ಸರೋಜ, ಆಗಷ್ಟೇ ಒಂದನೇ ಕ್ಲಾಸಿಗೆ ಸೇರಿದವಳು, ಸ್ಕೂಲಿನಿಂದ ಬರಲೇ ಇಲ್ಲ. ಮತ್ತೆ ಡವಡವ.

"ಕಮಲಾ, ಮಾತ್ರೆ ಎಲ್ಲಿ?"

"ಇದು ಕತ್ತಿಂದಲ್ಲ ಕಣ್ರೀ. ನನಗೂ ಹೊಡ್ಕೋತಾ ಇದೆ. ಚಪ್ಪಲಿ ಹಾಕ್ಕೊಳ್ಳಿ!"

ಬೀದಿ ಬೀದಿಗೂ ಒಂದೇ ಅಚ್ಚಿನ ಮನೆಗಳು. ಬಾಗಿಲು ಬಾಗಿಲಿಗೂ ಕೇಳುತ್ತ ಓಡಿದೆವು. ಕಮಲಳ ದನಿ ಆಗಲೇ ಒಡೆದಿತ್ತು. ಕೊನೆಗೆ ಪಕ್ಕದ ರಸ್ತೆಯ ಒಂದು ಜಗಲಿಯ ಮೇಲೆ, ಯಾರೋ ಅಜ್ಜಿ ಕೊಟ್ಟ ಕೋಡುಬಳೆ ಕಡಿಯುತ್ತ ಕೂತಿದ್ದಳು ಮಗಳು.

"ನಮ್ಮನೇನೇ ಅಂದ್ಕೊಂಡೆ ಅಪ್ಪ. ಒಳಗಡೆ ಬೇರೆ ಅಮ್ಮ ಇದ್ರು."

ಎತ್ತಿಕೊಂಡು ಮನೆ ಕಡೆ ಹೊರಟೆ. ಅವಳು ನನ್ನ ಎದೆಗೆ ಕಿವಿಯಿಟ್ಟಳು.

"ನಾನು ಸಿಕ್ಕಿದೆನಲ್ಲ ಅಪ್ಪ, ಇನ್ನೂ ಯಾಕೆ ಹೊಡ್ಕೋತಾ ಇದೆ?"

"ನೀನು ಸಿಕ್ಕಿದ್ದು ನನಗೆ ಗೊತ್ತಾಯ್ತು ಕಣೇ. ರಕ್ತಕ್ಕೆ ಸುದ್ದಿ ಮುಟ್ಟೋಕೆ ಇನ್ನೂ ಸ್ವಲ್ಪ ಹೊತ್ತು ಬೇಕು."