ಪರದೇಶಿ ಅಂಕಿತ

ನಾನು ಮಾಡಿದ್ದು ತಪ್ಪು ಎಂದು ಇಷ್ಟು ವರ್ಷದ ಮೇಲೂ ಪೂರ್ತಿ ಒಪ್ಪಲಾರೆ. ಆದರೆ ಅಂದೋಲಾದ ಮಠದಲ್ಲಿ ಆ ಮುಂಜಾನೆ ನಾನು ಹೆದರಿದ್ದು ಸುಳ್ಳಲ್ಲ.

ನಮ್ಮ ಯಜಮಾನರು ಮರಾಠಿ ಸೀಮೆಯಿಂದ ಒಂದು ಹಾರ್ಮೋನಿಯಂ ಪೇಟಿ ಹೊತ್ತುಕೊಂಡು ಆಳಂದಕ್ಕೆ ಬಂದವರು. ನಿಜಾಮರ ಕಾಲ, ಶಾಲೆಯೆಲ್ಲ ಉರ್ದುವಿನಲ್ಲಿ. ಇವರು ಭಜನೆಯ ಪದಗಳನ್ನು ಕಟ್ಟಿ, ಧಾಟಿ ಕೂಡಿಸಿ, ಸೊಲ್ಲಾಪುರದಲ್ಲಿ ಅಚ್ಚು ಹಾಕಿಸಿ ಪುಸ್ತಕ ತರುತ್ತಿದ್ದರು. ಕನ್ನಡ ಮಾತು ಚೆನ್ನಾಗಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಕನ್ನಡದ ಪದವನ್ನು ಮರಾಠಿ ಲಿಪಿಯಲ್ಲಿ ಬರೆದುಕೊಳ್ಳುವರು. ನಿಂಬರ್ಗಾದ ತವರಿನಲ್ಲಿ ನಮ್ಮಪ್ಪ ನನಗೆ ಎರಡೂ ಲಿಪಿ ಕಲಿಸಿದ್ದ. ಹಾಗಾಗಿ ಅಚ್ಚಿನವರಿಗೆ ಕನ್ನಡದಲ್ಲಿ ಪ್ರತಿ ಮಾಡಿಕೊಡುವುದು ನನ್ನ ಪಾಲಿನ ಕೆಲಸ.

ಪದದ ಕೊನೆಯ ಸಾಲಿನಲ್ಲಿ ಕಟ್ಟಿದವನ ಅಂಕಿತ ಇರಬೇಕಲ್ಲ, ಇವರು "ಪರದೇಶಿ" ಎಂದು ಇಟ್ಟುಕೊಂಡರು. ಮರಾಠಿಯಲ್ಲಿ ಅದು ಬೇರೆ ನಾಡಿನಿಂದ ಬಂದವನು. ನಮ್ಮಲ್ಲೋ, ಹಿಂದೆ ಮುಂದೆ ಯಾರೂ ಇಲ್ಲದ ಅನಾಥ. ಬೈಗುಳಕ್ಕೆ ಬಳಸುವ ಮಾತು. ಮೊದಲ ಪುಸ್ತಕ ಕಟ್ಟಿದ ಗಂಟು ಬಿಚ್ಚದೆ ಅಟ್ಟ ಸೇರಿತು. ಓಣಿಯ ಹೆಂಗಸರು ನನ್ನ ಮುಂದೆ ಬಾಯಿಬಿಟ್ಟು ಹೇಳಿದರು: "ಧಾಟಿ ಚಲೋ ಅದ ಬೇ. ಆದ್ರ ತುಂಬಿದ ಮನ್ಯಾಗ ಪರದೇಶಿ, ಪರದೇಶಿ ಅಂತ ಹೆಂಗ ಹಾಡೋದು?"

ಇವರಿಗೆ ಹೇಳಿದೆ. "ಅದು ನನ್ನ ಹೆಸರದ. ಮುಟ್ಟಬ್ಯಾಡ," ಎಂದರು. ಹಟಮಾರಿ ಮನುಷ್ಯ.

ಎರಡನೆಯ ಪುಸ್ತಕದ ಪ್ರತಿ ಮಾಡುವಾಗ ಮುಟ್ಟಿದೆ. ಪ್ರತಿ ಪದದ ಕೊನೆಗೂ ಊರ ಹೊರಗಿನ ಹಳೆಯ ಗದ್ದುಗೆಯಲ್ಲಿ ಸಮಾಧಿಯಾದ ಶರಣ ಅಜ್ಜನ ಹೆಸರು ಬರೆದೆ. ತಾಳಕ್ಕೂ ಸರಿಯಾಗಿ ಕೂತಿತು. ವ್ಯಾಪಾರಿಗಳು ಅಫಜಲಪುರ, ಜೇವರ್ಗಿ ಕಡೆಯ ಸಂತೆಗಳಿಗೆ ಒಯ್ದರು, ಒಂದು ಪ್ರತಿಯೂ ಉಳಿಯಲಿಲ್ಲ. "ನನ್ನ ಹೆಸರು ಊರೂರು ತಿರಗಾಕತ್ತದ ನೋಡು," ಎಂದು ಇವರು ಹಿಗ್ಗಿದರು. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.

ಮರುವರ್ಷ ಅಂದೋಲಾದ ಮಠದ ಭಜನೆಗೆ ಕರೆ ಬಂತು. ಗಾಡಿ ಕಟ್ಟಿಸಿಕೊಂಡು ಇಬ್ಬರೂ ಹೋದೆವು. ಇವರು ಪೇಟಿಯ ಮುಂದೆ ಕೂತು ತಮ್ಮ ಪದವೊಂದನ್ನು ಎತ್ತಿಕೊಂಡರು. ಕೂತವರೆಲ್ಲ ದನಿಗೂಡಿಸಿದರು, ಇವರ ಮುಖ ಅರಳಿತು. ಕೊನೆಯ ಸಾಲಿಗೆ ಇವರು ಪರದೇಶಿ ಎಂದರು. ಅಷ್ಟೂ ಮಂದಿ ಅಜ್ಜನ ಹೆಸರು ಹೇಳಿದರು. ಪೇಟಿ ನಿಂತಿತು.

ಅಲ್ಲಿನ ಹಿರಿಯ ಹಾಡುಗಾರರೊಬ್ಬರು ಮರ್ಯಾದೆಯಿಂದಲೇ ಅಂದರು: "ಅಂಕಿತ ತಪ್ಪಿತ್ರಿ. ಇದು ಅಜ್ಜಾರ ಪದ. ನಮ್ಮ ಮುತ್ಯಾನೂ ಇದನ್ನೇ ಹಾಡತಿದ್ದ."

ನನಗೆ ಸಿಡಿಲು ಬಡಿದ ಹಾಗಾಯಿತು. ಆ ಪದ ಹುಟ್ಟಿ ಎರಡು ವರ್ಷವೂ ಆಗಿರಲಿಲ್ಲ, ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಇವರು ಕೂತು ಕಟ್ಟಿದ್ದು. ಆ ಹಾಡುಗಾರರ ತಾತ ಇದನ್ನು ಎಲ್ಲಿಂದ ಹಾಡಿದ? ಆ ಹಿರಿಯರು ಸುಳ್ಳು ಹೇಳುತ್ತಿಲ್ಲ, ಮನಸಾರೆ ನಂಬಿದ್ದಾರೆ ಎಂಬುದೇ ನನ್ನನ್ನು ಇನ್ನಷ್ಟು ಹೆದರಿಸಿತು. ನಾನು ಬದಲಿಸಿದ್ದು ಒಂದು ಮಾತು, ಅಷ್ಟೇ.

"ಇಲ್ರಿ, ಇದು ನಾ ಕಟ್ಟಿದ್ದು," ಎಂದರು ಇವರು.

"ಹಂಗ ಅನಬ್ಯಾಡ್ರಿ, ಪಾಪ ಬರ್ತದ," ಎಂದು ಹಿರಿಯರು ಪುಸ್ತಕ ತೆಗೆದು ಮುಂದೆ ಹಿಡಿದರು.

ಇವರು ಪುಸ್ತಕ ನೋಡಲಿಲ್ಲ. ಓದಲು ಬರುವುದಾದರೂ ಎಲ್ಲಿ? ತಿರುಗಿ, ಹೆಂಗಸರ ನಡುವೆ ಕೂತಿದ್ದ ನನ್ನನ್ನು ನೋಡಿದರು.

ಗಾಡಿಯಲ್ಲಿ ಬಹಳ ದೂರ ಬಂದ ಮೇಲೆ ಕೇಳಿದರು: "ಎಷ್ಟು ಪದದಾಗ ತೆಗದಿ?"

"ಎಲ್ಲಾದ್ರಾಗ್ರಿ. ಮಂದಿ ಹಾಡಲಿ ಅಂತ ಮಾಡೀನ್ರಿ."

"ಹಾಡಿದ್ರಲ್ಲ," ಎಂದರು. ಪೇಟಿಯನ್ನು ಹತ್ತಿರ ಎಳೆದುಕೊಂಡು ಮತ್ತೆ ಹೇಳಿದರು, "ಅಂದ್ರ ನಾ ಈ ಸೀಮಿಗಿ ಬಂದೇ ಇಲ್ಲ."

ಆಮೇಲೆ ಬೈಯಲಿಲ್ಲ, ಮಾತು ಬಿಡಲಿಲ್ಲ. ಮೂರನೆಯ ಪುಸ್ತಕವನ್ನೂ ನನ್ನ ಕೈಗೇ ಕೊಟ್ಟರು. ಪ್ರತಿ ಪದದ ಕೊನೆಗೆ ಒಂದು ಮಾತಿನಷ್ಟು ಜಾಗ ಖಾಲಿ ಬಿಡು ಎಂದರು, ಬಿಟ್ಟೆ. ಅಲ್ಲಿ ತಾವೇ ಸೊಟ್ಟಂಬಟ್ಟ ಕನ್ನಡದಲ್ಲಿ ಪರದೇಶಿ ಎಂದು ತುಂಬಿದರು. ನಾಲ್ಕೇ ಅಕ್ಷರ. ಮನೆಯಲ್ಲಿ ಕಲಿಸಲು ನಾನಿದ್ದೆ. ಅವನ್ನು ಎದುರಿನ ಕಿರಾಣಿ ಅಂಗಡಿಯವನ ಹತ್ತಿರ ಹೋಗಿ ಕಲಿತು ಬಂದಿದ್ದರು.